ಹತ್ತು ಮಂದಿಯ ಹಿತಕ್ಕಾಗಿ ಒಬ್ಬನ ಹೊಲವನ್ನು ತೆಗೆಯಬಹುದೋ?



ಕೆಲವು ಕಾಲದ ಹಿಂದೆ ನಾವು ಒಂದು ಹಳ್ಳಿಗೆ ಹೋಗಿದ್ದಾಗ ಆ ಊರಿನ ಹಿರಿಯನೊಬ್ಬನು ನಮ್ಮನ್ನು ತನ್ನ ಹೊಲಕ್ಕೆ ಕರೆದುಕೊಂಡು ಹೋದನು. ತೆನೆಬಿಟ್ಟ ರಾಗಿಯ ನಡುವೆ ಸುಣ್ಣ ಬಳಿದ ಕಲ್ಲೊಂದು ನೆಡಲ್ಪಟ್ಟಿತ್ತು. ಹೊಸ ಮಾರ್ಗವು ಅಲ್ಲಿಂದ ಹಾದುಹೋಗುವದೆಂಬದಕ್ಕೆ ಅದೇ ಗುರುತು. ಆ ಹಿರಿಯನು, "ಉಪದೇಶಿಗಳೇ, ಮಾರ್ಗ ಬೇಡವೆಂದು ನಾನು ಹೇಳುವವನಲ್ಲ. ನನ್ನ ಸೊಸೆಯನ್ನು ಹೆರಿಗೆಗಾಗಿ ಕಂಬಳಿಯಲ್ಲಿ ಹೊತ್ತುಕೊಂಡು ಹೋದ ರಾತ್ರಿಯಲ್ಲಿ ಮಾರ್ಗದ ಬೆಲೆ ಎಷ್ಟೆಂದು ನನಗೆ ತಿಳಿಯಿತು. ಆದರೆ ಈ ಕಲ್ಲನ್ನು ನೆಡುವ ಮೊದಲು ಒಂದು ಮಾತು ನನ್ನನ್ನು ಯಾರೂ ಕೇಳಲಿಲ್ಲವಲ್ಲಾ!" ಎಂದನು. ಕಳೆ ಕೀಳುತ್ತಿದ್ದ ಕೂಲಿಯ ಹೆಂಗಸೊಬ್ಬಳು ಬದುವಿನ ಮೇಲೆ ನಿಂತು ಇದನ್ನೆಲ್ಲಾ ಕೇಳುತ್ತಿದ್ದಳು. "ಅಜ್ಜನಿಗಾದರೂ ಹಣ ಬರುವದು, ಹೊಲವೇ ಹೋದ ಮೇಲೆ ನನಗೆ ಬರುವದೇನು?" ಎಂದು ಅವಳು ಕೇಳಿದಳು. ಈ ಎರಡು ಪ್ರಶ್ನೆಗಳಿಗೆ ಆ ದಿವಸ ನಾವು ಸರಿಯಾದ ಉತ್ತರ ಕೊಡಲಾರದೆ ಹಿಂತಿರುಗಿದೆವು. ಆಮೇಲೆ ವಿಚಾರಮಾಡಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ.

ಇಂಥಾ ಸಂದರ್ಭಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಎರಡು ವಿಧವಾದ ಮಾತುಗಳು ಕೇಳಬರುತ್ತವೆ. ಕೆಲವರು, "ಭೂಮಿಯೆಲ್ಲಾ ಸರಕಾರದ್ದು, ಕೊಟ್ಟವರೇ ತೆಗೆದುಕೊಂಡರೆ ಕೇಳುವದಕ್ಕೆ ನಾವು ಯಾರು?" ಎನ್ನುತ್ತಾರೆ. ಬೇರೆ ಕೆಲವರು, "ಹೊಲ ನನ್ನದು, ಊರೇ ಹಾಳಾದರೂ ಒಂದು ಗೇಣನ್ನೂ ಬಿಡೆನು" ಎನ್ನುತ್ತಾರೆ. ಮೊದಲನೆಯದು ಭಯದ ಮಾತು. ಎರಡನೆಯದು ಹಟದ ಮಾತು. ಎರಡರಲ್ಲಿಯೂ ಪೂರ್ಣ ಸತ್ಯವಿಲ್ಲ.

ಹೊಲವು ಒಡೆಯನದೆಂಬದು ಯಥಾರ್ಥವೇ. ಅವನ ಅಜ್ಜನು ಕಲ್ಲು ಆರಿಸಿದನು, ತಂದೆಯು ಬದು ಹಾಕಿದನು, ಅವನು ತಾನೇ ಬೆವರು ಸುರಿಸಿದನು. ಆದರೆ ಅದೇ ಹೊಲಕ್ಕೆ ನೀರುಣಿಸುವ ಕೆರೆಯನ್ನು ಕಟ್ಟಿದವರು ಊರವರು. ಅವನ ಗಾಡಿ ಹೋಗುವ ದಾರಿಯು ಒಂದು ಕಾಲದಲ್ಲಿ ಬೇರೊಬ್ಬನ ಹೊಲದ ಅಂಚಾಗಿತ್ತು. ರಾತ್ರಿಯಲ್ಲಿ ಗಡಿಕಲ್ಲನ್ನು ಸರಿಸಬರುವವನನ್ನು ತಡೆಯುವದು ನ್ಯಾಯಸ್ಥಾನದ ಭಯವೇ ಹೊರತು ಅವನೊಬ್ಬನ ತೋಳ್ಬಲವಲ್ಲ. ಹೀಗಿರಲಾಗಿ "ನನ್ನದು" ಎಂಬ ಮಾತಿನೊಳಗೆ ಅನೇಕರ ಉಪಕಾರವು ಅಡಗಿದೆ. ಆದಕಾರಣ ಊರಿಗೆ ನಿಜವಾದ ಕೊರತೆಯು ಬಂದಾಗ ಊರು ಅವನ ಬಾಗಲಿಗೆ ಬಂದು ಕೇಳುವದು ಅನ್ಯಾಯವಲ್ಲ. ಹತ್ತು ಹಳ್ಳಿಗಳಿಗೆ ನೀರು ತರುವ ಕಾಲುವೆಯನ್ನು ಒಬ್ಬನ ಹಟವು ತಡೆಯಬಹುದಾದರೆ ಆ ಒಬ್ಬನೇ ಹತ್ತು ಹಳ್ಳಿಗಳ ಅರಸನಾಗುವನಲ್ಲವೇ?

ಹಾಲೆಂಡ್ ದೇಶದ ನ್ಯಾಯಪಂಡಿತನಾದ ಹ್ಯೂಗೋ ಗ್ರೋಷಿಯಸ್ ಎಂಬವನು 1625ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಅಧಿಕಾರಕ್ಕೆ ಹೆಸರನ್ನಿಟ್ಟನು. ಪ್ರಜೆಯ ಸ್ವತ್ತಿನ ಮೇಲೆ ರಾಜ್ಯಕ್ಕೆ ಒಂದು ಮೇಲಣ ಸ್ವಾಮ್ಯವುಂಟೆಂದು ಅವನು ತಿಳಿಸಿದನು. ಆದರೆ ಅದೇ ಉಸುರಿನಲ್ಲಿ ಎರಡು ಕಟ್ಟುಗಳನ್ನೂ ಹಾಕಿದನು: ಅದು ಸಾರ್ವಜನಿಕ ಹಿತಕ್ಕಾಗಿಯೇ ಆಗಬೇಕು, ಕಳಕೊಂಡವನಿಗೆ ಸಾಧ್ಯವಾದಲ್ಲಿ ಸಾರ್ವಜನಿಕ ಬೊಕ್ಕಸದಿಂದ ನಷ್ಟವನ್ನು ತುಂಬಿಕೊಡಬೇಕು. ಈ ಕಟ್ಟುಗಳನ್ನು ಬಿಚ್ಚಿಬಿಟ್ಟರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗುವದು.

ನಮಗೆ ಚೆನ್ನಾಗಿ ತಿಳಿದಿರುವ ಇಬ್ಬರು ಅರಸರ ಕಥೆಗಳನ್ನು ಈಗ ಎದುರೆದುರಾಗಿ ಇಟ್ಟು ನೋಡೋಣ. ಅಹಾಬನು ತನ್ನ ಅರಮನೆಯ ಪಕ್ಕದಲ್ಲಿದ್ದ ನಾಬೋತನ ದ್ರಾಕ್ಷೆಯ ತೋಟವನ್ನು ಬಯಸಿದನು. ಅವನು ಮೊದಲು ಕೇಳಿದ್ದು ಕೆಟ್ಟ ಕ್ರಯಕ್ಕಲ್ಲವೆಂಬದನ್ನು ನಾವು ಅನೇಕ ಸಾರಿ ಮರೆಯುತ್ತೇವೆ. ಅದಕ್ಕಿಂತ ಉತ್ತಮವಾದ ತೋಟವನ್ನಾಗಲಿ ಅದರ ಬೆಲೆಯನ್ನಾಗಲಿ ಕೊಡುತ್ತೇನೆಂದು ಅವನು ಹೇಳಿದ್ದನು. ಹಾಗಾದರೆ ತಪ್ಪು ಎಲ್ಲಿ? ಮೊದಲನೆಯದಾಗಿ, ಅವನಿಗೆ ಬೇಕಾದದ್ದು ಕಾಯಿಪಲ್ಯದ ತೋಟ. ಅದು ಅರಮನೆಯ ಅಡಿಗೆಯ ಹಿತವೇ ಹೊರತು ದೇಶದ ಹಿತವಲ್ಲ. ಎರಡನೆಯದಾಗಿ, ಪಿತೃಗಳ ಸ್ವಾಸ್ತಿಯನ್ನು ಕೊಡಲಾರೆನೆಂದು ನಾಬೋತನು ಹೇಳಿದ ಮಾತಿಗೆ ಅಲ್ಲಿ ಕಿವಿಯಿರಲಿಲ್ಲ. ಆಮೇಲೆ ನಡೆದದ್ದನ್ನು ಬಲ್ಲೆವು. ರಾಣಿಯು ಪತ್ರ ಬರೆದಳು, ಪತ್ರಕ್ಕೆ ಮುದ್ರೆಯಿತ್ತು. ಊರ ಹಿರಿಯರು ಕೂಡಿದರು. ಇಬ್ಬರು ಸಾಕ್ಷಿಗಳೂ ನಿಂತರು. ಕಾಯಿದೆಯ ಆಕಾರವೆಲ್ಲಾ ಇತ್ತು, ನ್ಯಾಯ ಒಂದೇ ಇರಲಿಲ್ಲ.

ದಾವೀದನಿಗೂ ಒಬ್ಬನ ಭೂಮಿ ಬೇಕಾಗಿತ್ತು. ದೇಶದಲ್ಲಿ ವ್ಯಾಧಿಯು ಹಬ್ಬಿ ಜನರು ಸಾಯುತ್ತಿದ್ದಾಗ ಅದನ್ನು ನಿಲ್ಲಿಸುವದಕ್ಕಾಗಿ ಯೆಬೂಸಿಯನಾದ ಅರೌನನ ಕಣವು ಬೇಕಾಯಿತು. ಅರೌನನು ಕಣವನ್ನೂ ಎತ್ತುಗಳನ್ನೂ ಸುಮ್ಮನೆ ಕೊಡುತ್ತೇನೆಂದನು. ಅರಸನು ಒಪ್ಪಲಿಲ್ಲ, ಐವತ್ತು ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟೇ ತೆಗೆದುಕೊಂಡನು. ಹತ್ತು ಮಂದಿಯ ಹಿತಕ್ಕಾಗಿ ಆಗುವ ಕೆಲಸದ ವೆಚ್ಚವನ್ನು ಒಬ್ಬನ ತಲೆಯ ಮೇಲೆ ಹೊರಿಸಲಾಗದೆಂಬದು ಅವನಿಗೆ ತಿಳಿದಿತ್ತು. ಈ ಲೇಖನದಲ್ಲಿ ನಾವು ಹೇಳಬೇಕಾದದ್ದೂ ಇಷ್ಟೇ.

ನಮ್ಮ ದೇಶದ ಕಾಯಿದೆಯು ಈ ಪಾಠವನ್ನು ಬಹಳ ನಿಧಾನವಾಗಿ ಕಲಿತಿದೆ. 1894ರ ಭೂಸ್ವಾಧೀನ ಕಾಯಿದೆಯಲ್ಲಿ ಒಡೆಯನು ಈ ಸ್ವಾಧೀನವೇ ಬೇಡವೆಂದು ಆಕ್ಷೇಪಿಸುವದಕ್ಕೆ ಮೊದಲು ಎಡೆಯೇ ಇರಲಿಲ್ಲ. ಅಂಥಾ ಅವಕಾಶವು 1923ರ ತಿದ್ದುಪಡಿಯಿಂದ ಸೇರಿತು. ಮನಸ್ಸಿಲ್ಲದವನಿಂದ ತೆಗೆದುಕೊಳ್ಳುವಾಗ ಮಾರುಕಟ್ಟೆಯ ಕ್ರಯವೊಂದೇ ಸಾಲದೆಂದು ಒಪ್ಪಿ, ಕ್ರಯದ ಮೇಲೆ ನೂರಕ್ಕೆ 15ರಂತೆ ಹೆಚ್ಚು ಕೊಡಬೇಕೆಂದು ಆ ಕಾಯಿದೆಯು ವಿಧಿಸಿತ್ತು. 1984ರಲ್ಲಿ ಅದು ನೂರಕ್ಕೆ 30 ಆಯಿತು. 2013ರಲ್ಲಿ ಅಂಗೀಕಾರವಾಗಿ 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಯು ಅದನ್ನು ನೂರಕ್ಕೆ ನೂರು ಮಾಡಿತು. ನೂರು ವರುಷಗಳಿಗಿಂತ ಹೆಚ್ಚು ಕಾಲ ಕಳೆದ ಮೇಲೆ, ಕಿತ್ತುಕೊಂಡ ನೋವು ಭೂಮಿಯ ಬೆಲೆಯಷ್ಟೇ ಭಾರವಾದದ್ದೆಂದು ಒಪ್ಪಿಕೊಂಡಂತಾಯಿತು. ಖಾಸಗಿ ಕಂಪೆನಿಗಾಗಿ ತೆಗೆಯುವದಾದರೆ ಭೂಮಿ ಕಳಕೊಳ್ಳುವ ಕುಟುಂಬಗಳಲ್ಲಿ ನೂರಕ್ಕೆ 80ರಷ್ಟಾದರೂ ಒಪ್ಪಬೇಕೆಂಬ ವಿಧಿಯೂ ಅದರಲ್ಲಿದೆ. ಆದರೆ ಎಲ್ಲಾ ಸ್ವಾಧೀನಗಳೂ ಈ ಒಂದೇ ಕಾಯಿದೆಯಿಂದ ನಡೆಯುವದಿಲ್ಲ. ಹೆದ್ದಾರಿಗೂ ಕೈಗಾರಿಕೆಗೂ ಬೇರೆ ಕಾಯಿದೆಗಳಿವೆ.

ಸ್ವತ್ತಿನ ಹಕ್ಕು 1978ರ 44ನೆಯ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಟುಹೋಯಿತು. ಆದರೆ ಕಾಯಿದೆಯ ಆಧಾರವಿಲ್ಲದೆ ಯಾರ ಸ್ವತ್ತನ್ನೂ ತೆಗೆಯಕೂಡದೆಂಬ 300ಎ ವಿಧಿಯು ಸಂವಿಧಾನದಲ್ಲಿ ಸೇರಿತು. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಆ ಒಂದು ವಾಕ್ಯದೊಳಗೆ ಒಡೆಯನಿಗೆ ತಿಳಿಸುವದು, ಅವನ ಮಾತನ್ನು ಕೇಳುವದು, ಕಾರಣ ಕೊಟ್ಟು ತೀರ್ಮಾನಿಸುವದು, ನ್ಯಾಯವಾದ ಪರಿಹಾರ ಕೊಡುವದು, ತಡಮಾಡದೆ ಮುಗಿಸುವದು ಮೊದಲಾದ ಏಳು ಅಂಶಗಳು ಅಡಗಿವೆ ಎಂದು ತೀರ್ಪು ಹೇಳಿತು. ಆ ಹಿರಿಯನು ಹೊಲದಲ್ಲಿ ನಿಂತು ಹೇಳಿದ ಮಾತೂ ಇದೇ ಅಲ್ಲವೇ?

ತಡಮಾಡುವದೂ ಒಂದು ವಿಧದ ಕಳವೇ. ಬೆಂಗಳೂರು ಮೈಸೂರು ಹೆದ್ದಾರಿಯ ಯೋಜನೆಗಾಗಿ 2003ರಲ್ಲಿ ಅಧಿಸೂಚನೆಯಾಗಿ 2005ರಲ್ಲಿ ವಶವಾದ ಕೆಲವು ನಿವೇಶನಗಳ ಒಡೆಯರಿಗೆ 2019ರ ತನಕ ಪರಿಹಾರದ ತೀರ್ಮಾನವೇ ಆಗಲಿಲ್ಲ. 2025ರ ಜನವರಿ 2ರಂದು ಸುಪ್ರೀಂ ಕೋರ್ಟು, ಹಳೆಯ ಕಾಲದ ಬೆಲೆಯನ್ನು ಕೊಡುವದು ನ್ಯಾಯವನ್ನು ಹಾಸ್ಯಮಾಡಿದಂತೆ ಎಂದೆಣಿಸಿ, 2019ರ ಏಪ್ರಿಲ್ ತಿಂಗಳ ಬೆಲೆಯಂತೆ ಲೆಕ್ಕಮಾಡಬೇಕೆಂದು ಆಜ್ಞಾಪಿಸಿತು. ಹಸಿದವನಿಗೆ ಹತ್ತು ವರುಷಗಳ ತರುವಾಯ ಕೊಡುವ ಅನ್ನವು ಅನ್ನವಲ್ಲ.

ಬೇಡವೆಂಬ ಮಾತಿಗೆ ಕಿವಿಗೊಟ್ಟ ದೃಷ್ಟಾಂತವೂ ನಮ್ಮ ನಾಡಿನಲ್ಲುಂಟು. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ ವಿಮಾನ ಕೈಗಾರಿಕೆಗಳಿಗಾಗಿ 1777 ಎಕರೆ ಭೂಮಿಯನ್ನು ತೆಗೆಯುವದೆಂದಾಗ ರೈತರು ಮೂರು ವರುಷಗಳಿಗಿಂತ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ರಾಜ್ಯ ಸರಕಾರವು ಆ ಸ್ವಾಧೀನವನ್ನು ಕೈಬಿಟ್ಟು, ಮನಸ್ಸಿದ್ದವರು ಮಾತ್ರ ಕೊಡಬಹುದೆಂದು ತಿಳಿಸಿತು. ಅರಸನು ಹಿಂದೆ ಸರಿದರೆ ಅವನ ಮಾನವು ಹೋಗುವದಿಲ್ಲ. ಅಹಾಬನಿಗೆ ತಿಳಿಯದೆಹೋದದ್ದು ಇದೇ.

ಹಣವನ್ನು ಸಕಾಲದಲ್ಲಿ ಎಣಿಸಿಕೊಟ್ಟರೆ ಋಣವು ತೀರಿತೋ? ಶರಾವತಿಯ ಕಡೆಗೆ ನೋಡಿರಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನಾಡಿನ ಬಹುಭಾಗಕ್ಕೆ ವಿದ್ಯುತ್ತು ಬಂದಿತು. ಸಾಗರ, ಹೊಸನಗರ ತಾಲೂಕುಗಳ ಗದ್ದೆ ತೋಟಗಳು ನೀರಿನ ಕೆಳಗೆ ಹೋದವು. ಎಬ್ಬಿಸಲ್ಪಟ್ಟ ಕುಟುಂಬಗಳಲ್ಲಿ ಅನೇಕರನ್ನು ಕಾಡಿನ ಭೂಮಿಯಲ್ಲಿ ನೆಲೆಗೊಳಿಸಿದ್ದರಿಂದ ಅವರ ಹಕ್ಕುಪತ್ರದ ವಿಷಯವು ದಶಕಗಳ ಕಾಲ ತೀರ್ಮಾನವಾಗದೆ ಉಳಿಯಿತು. ಹಿನ್ನೀರಿನಿಂದ ಸುತ್ತುವರಿಯಲ್ಪಟ್ಟ ತುಮರಿಯ ಕಡೆಯ ಜನರು ಸಾಗರಕ್ಕೆ ಬರಬೇಕಾದರೆ ಲಾಂಚಿಗಾಗಿ ದಡದಲ್ಲಿ ಕಾಯಬೇಕಾಗಿತ್ತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗಿಂತ ಉದ್ದವಾದ ಸೇತುವೆಯು ತೆರೆಯಲ್ಪಟ್ಟದ್ದು 2025ರ ಜುಲೈ 14ರಂದು. ಅರುವತ್ತು ವರುಷಗಳ ಕಾಲ ನಾವು ಗುಂಡಿಯೊತ್ತಿ ದೀಪ ಹಚ್ಚಿದೆವು. ಆ ದೀಪದ ಕ್ರಯವನ್ನು ಕೊಟ್ಟವರು ಕತ್ತಲೆಯಲ್ಲಿ ದಡದ ಮೇಲೆ ಕಾದರು. ಇದಕ್ಕೆ ಸರಕಾರವನ್ನು ಮಾತ್ರ ದೂರಿದರೆ ಸಾಲದು. ಬೆಳಕನ್ನು ಉಂಡವರೆಲ್ಲರೂ ಆ ಸಾಲದಲ್ಲಿ ಪಾಲುಗಾರರು.

ಇನ್ನು ಬದುವಿನ ಮೇಲೆ ನಿಂತಿದ್ದ ಆ ಹೆಂಗಸಿನ ಪ್ರಶ್ನೆ. ನಮ್ಮ ಸಭೆಗಳಲ್ಲಿ ಸ್ವಂತ ಹೊಲವಿಲ್ಲದವರು ಬಹಳ ಮಂದಿ ಇರುವದರಿಂದ ಇದು ನಮಗೆ ಪರರ ವಿಷಯವಲ್ಲ. ಕ್ರಯವು ಖಾತೆದಾರನಿಗೆ ಸೇರುತ್ತದೆ. ಆ ಹೊಲವನ್ನೇ ನಂಬಿ ಬದುಕಿದ ಕೂಲಿಯವಳ ಹೆಸರು ಪಹಣಿಯಲ್ಲಿಲ್ಲ. ಆದರೂ ಅವಳಿಗೆ ಏನೂ ಇಲ್ಲವೆಂದು ಹೇಳಬಾರದು. ಸ್ವಾಧೀನಕ್ಕೆ ಮುಂಚೆ ಮೂರು ವರುಷಗಳಿಂದ ಆ ಸ್ಥಳದಲ್ಲಿ ದುಡಿಯುತ್ತಾ ಅದರಿಂದಲೇ ಮುಖ್ಯವಾಗಿ ಜೀವಿಸುತ್ತಿದ್ದ ಕೂಲಿಕಾರರನ್ನೂ ಗೇಣಿದಾರರನ್ನೂ ಪಾಲಿಗೆ ಸಾಗುವಳಿ ಮಾಡುವವರನ್ನೂ ಬಾಧಿತ ಕುಟುಂಬಗಳೆಂದು 2013ರ ಕಾಯಿದೆಯು ಎಣಿಸುತ್ತದೆ. ಆದರೆ ಕಾಗದವಿಲ್ಲದವಳ ಪಕ್ಷದಲ್ಲಿ, "ಹೌದು, ಇವಳು ಇಲ್ಲಿ ದುಡಿದದ್ದನ್ನು ನಾವು ಬಲ್ಲೆವು" ಎಂದು ಅಧಿಕಾರಿಗಳ ಮುಂದೆ ಹೇಳುವವರು ಬೇಕು. ಹೇಳತಕ್ಕವರು ಯಾರು? ನೆರೆಯವರಾದ ನಾವೇ.

ಆದದರಿಂದ ಸರಕಾರದ ನ್ಯಾಯವನ್ನು ವಿಚಾರಿಸಿದಷ್ಟೇ ಗಟ್ಟಿಯಾಗಿ ನಮ್ಮ ನಡತೆಯನ್ನೂ ವಿಚಾರಿಸಿಕೊಳ್ಳೋಣ. ಗುರುತಿನ ಕಲ್ಲು ಬಿದ್ದ ಮರುದಿನವೇ ಸಸಿಗಳನ್ನು ನೆಟ್ಟು ಮರಗಳ ಕ್ರಯವನ್ನು ಕೇಳುವವರಿದ್ದಾರೆ. ಮಾರ್ಗವು ಬರುವದೆಂದು ಮುಂಚಿತವಾಗಿ ತಿಳಿದು, ಏನೂ ತಿಳಿಯದ ವಿಧವೆಯ ಹೊಲವನ್ನು ಅಗ್ಗಕ್ಕೆ ಕೊಳ್ಳುವವರಿದ್ದಾರೆ. ಪರಿಹಾರದ ಹಣ ಬರುವಾಗ ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರನ್ನು ವಂಶವೃಕ್ಷದಿಂದ ಬಿಟ್ಟು ಬರೆಯಿಸುವ ಅಣ್ಣತಮ್ಮಂದಿರು ನಮ್ಮೊಳಗೂ ಇದ್ದಾರೆಂದು ನಾಚಿಕೆಯಿಂದ ಒಪ್ಪಬೇಕಾಗಿದೆ. ಉಯಿಲಿಲ್ಲದೆ ತೀರಿಕೊಂಡ ಕ್ರೈಸ್ತನ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು 1925ರ ವಾರಸು ಕಾಯಿದೆಯು ಹೇಳುತ್ತದೆ. ಅರಮನೆಯ ಅಹಾಬನನ್ನು ಬೈಯುವ ನಾಲಿಗೆಯು ಮನೆಯೊಳಗಣ ಅಹಾಬನಿಗೆ ಸುಮ್ಮನಿರಬಹುದೋ? ನಾಬೋತನನ್ನು ಕೊಂದದ್ದು ಅರಸನ ಆಶೆಯೊಂದೇ ಅಲ್ಲ. ಅವನ ಊರವರೇ ಸುಳ್ಳುಸಾಕ್ಷಿ ಹೇಳಿದ್ದು, ಹಿರಿಯರು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡದ್ದು.

ನೋಟೀಸು ಬಂದರೆ ಅದನ್ನು ಮಾಡಿಗೆ ಸಿಕ್ಕಿಸಿ ಇಡಬೇಡಿರಿ. ಓದಬಲ್ಲವರಿಂದ ಆ ದಿವಸವೇ ಓದಿಸಿಕೊಳ್ಳಿರಿ. 2013ರ ಕಾಯಿದೆಯ ಮೇರೆಗೆ ಪ್ರಾರಂಭದ ಅಧಿಸೂಚನೆಯಿಂದ 60 ದಿವಸಗಳೊಳಗೆ ಆಕ್ಷೇಪವನ್ನು ಬರೆದು ಕೊಡಬಹುದು. ಬೇರೆ ಕಾಯಿದೆಗಳಲ್ಲಿ ಅವಧಿಯು ಇನ್ನೂ ಕಡಿಮೆಯಾಗಿರಬಹುದು. ಕೆಲಸವು ನಿಜವಾಗಿ ಊರಿಗೆ ಬೇಕಾದದ್ದಾದರೆ ಹಟಮಾಡಬೇಡಿರಿ, ಬೇಡವಾದದ್ದಾದರೆ ಹೆದರಬೇಡಿರಿ. ಮಾರ್ಗವು ಆದ ಮೇಲೆ ಅದರಲ್ಲಿ ನಡೆಯುವವರು, ಅದು ಯಾರ ಹೊಲವಾಗಿತ್ತೆಂಬದನ್ನು ಮರೆಯಬಾರದು. ಗದ್ದೆಯನ್ನು ಗೇಣಿಗೆ ಕೊಡುವಾಗ, ಕೆಲಸಕ್ಕೆ ಕರೆಯುವಾಗ, ಆ ಮನೆಯವರ ನೆನಪು ಮೊದಲು ಬರಲಿ.

ಹಾಗಾದರೆ ಹತ್ತು ಮಂದಿಯ ಹಿತಕ್ಕಾಗಿ ಒಬ್ಬನ ಹೊಲವನ್ನು ತೆಗೆಯಬಹುದೋ? ತೆಗೆಯಬಹುದು. ಆದರೆ ಮೊದಲು ಅವನನ್ನು ಕೇಳಬೇಕು, ಅವನ ಕ್ರಯವನ್ನು ಹೊತ್ತಿಗೆ ಸರಿಯಾಗಿ ತೂಗಿಕೊಡಬೇಕು, ಹಿತವನ್ನು ಪಡೆದ ಹತ್ತು ಮಂದಿಯೂ ಅವನ ನಷ್ಟದಲ್ಲಿ ಪಾಲು ಹೊರಬೇಕು. ನಾವು ಪುನಃ ಆ ಹಳ್ಳಿಗೆ ಹೋಗುವಾಗ ಹಿರಿಯನಿಗೂ ಆ ಕೂಲಿಯ ಹೆಂಗಸಿಗೂ ಇದನ್ನು ಹೇಳಬೇಕೆಂದಿದ್ದೇವೆ. ಬರಿಗೈಯಲ್ಲಿ ಹೇಳುವದಕ್ಕೆ ನಾಚಿಕೆಯಾಗುವದರಿಂದ, ಅವಳ ಪರವಾಗಿ ಸಹಿ ಹಾಕುವ ನಾಲ್ಕು ಮಂದಿ ನೆರೆಯವರನ್ನೂ ಸಂಗಡ ಕರೆದುಕೊಂಡು ಹೋಗುವೆವು.