ಚುನಾವಣೆಯ ವೆಚ್ಚವೂ ಗೆದ್ದವನ ಹಂಗೂ

ಹಂಗು ಎಂಬ ಮಾತಿಗೆ ಕನ್ನಡದಲ್ಲಿ ಒಂದು ವಿಶೇಷವಾದ ತೂಕವಿದೆ. ಸಾಲವು ಲೆಕ್ಕಕ್ಕೆ ಸಿಕ್ಕುವ ವಸ್ತು. ಬಡ್ಡಿಸಹಿತ ತೀರಿಸಿ ಪತ್ರವನ್ನು ಹರಿದುಹಾಕಿದರೆ ಮುಗಿಯಿತು. ಲಂಚವೂ ಒಂದು ಬಗೆಯ ವ್ಯಾಪಾರವೇ. ಕೊಟ್ಟವನಿಗೂ ಪಡೆದವನಿಗೂ ಅದರ ಬೆಲೆ ಗೊತ್ತಿರುತ್ತದೆ. ಹಂಗು ಹಾಗಲ್ಲ. ಮಗಳ ಮದುವೆಯ ವೇಳೆಗೆ ಕೇಳದೆಯೇ ಕೈಗೆ ಹಣವಿತ್ತ ಸಾಹುಕಾರನು ಆಮೇಲೆ ಒಂದು ದಿನವೂ ಅದರ ಮಾತನ್ನೆತ್ತದಿರಬಹುದು. ಆದರೂ ಅವನ ಹೊಲದ ಬದುವಿನ ವ್ಯಾಜ್ಯವು ಪಂಚರ ಮುಂದೆ ಬಂದಾಗ, ಪಂಚರಲ್ಲೊಬ್ಬನಾಗಿ ಕುಳಿತ ಆ ಗೃಹಸ್ಥನ ನಾಲಗೆ ತಡವರಿಸುತ್ತದೆ. ಯಾರೂ ಏನನ್ನೂ ಬೇಡಲಿಲ್ಲ, ಯಾರೂ ಏನನ್ನೂ ಮಾರಲಿಲ್ಲ. ಆದರೂ ತಕ್ಕಡಿಯು ಒಂದು ಕಡೆಗೆ ವಾಲಿತು. ಮತವನ್ನು ಬೇಡಿ ನಿಲ್ಲುವವನ ಚುನಾವಣೆಯ ವೆಚ್ಚವನ್ನು ಯಾರು ಹೊರಬೇಕೆಂಬ ಪ್ರಶ್ನೆಯು ಹೊರನೋಟಕ್ಕೆ ಲೆಕ್ಕಪತ್ರದ ಪ್ರಶ್ನೆಯಾಗಿ ಕಂಡರೂ ಅದರ ಬೇರು ಇರುವುದು ಈ ಹಂಗಿನಲ್ಲಿಯೇ.

ಈ ಪ್ರಶ್ನೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನವು ನೂರು ವರ್ಷಗಳಿಗೂ ಮೇಲ್ಪಟ್ಟು ಚರ್ಚಿಸಿದೆ; ಕಾನೂನುಗಳನ್ನು ಮಾಡಿ ಪ್ರಯೋಗಿಸಿಯೂ ನೋಡಿದೆ. 1907ರ ಡಿಸೆಂಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಶಾಸನಸಭೆಗೆ ಕಳುಹಿಸಿದ ವಾರ್ಷಿಕ ಸಂದೇಶದಲ್ಲಿ, ದೊಡ್ಡ ಪಕ್ಷಗಳ ಚುನಾವಣಾ ವೆಚ್ಚವನ್ನು ಸರ್ಕಾರದ ಬೊಕ್ಕಸವೇ ಭರಿಸಬಾರದೇಕೆ ಎಂಬ ಸಲಹೆಯನ್ನು ಮುಂದಿಟ್ಟರು. ಅವರ ಪಕ್ಷಕ್ಕೆ 1904ರ ಚುನಾವಣೆಯಲ್ಲಿ ದೊಡ್ಡ ವಾಣಿಜ್ಯ ಸಂಸ್ಥೆಗಳ ಹಣ ಧಾರಾಳವಾಗಿ ಬಂದಿದ್ದಿತು. ಉಂಡ ಮನೆಯ ಋಣವೆಂಥದೆಂಬುದನ್ನು ಉಂಡವರೇ ಬಲ್ಲರು. ಅವರ ಸಲಹೆಗೆ ಅಷ್ಟರಮಟ್ಟಿಗೆ ಅನುಭವದ ಆಧಾರವಿದ್ದಿತೆನ್ನಬೇಕು. ಆದರೆ ಅದು ಸಲಹೆಯಾಗಿಯೇ ಬಹುಕಾಲ ಉಳಿಯಿತು.

ಕಾನೂನಿಗೆ ಬಲ ಬಂದುದು ರಿಚರ್ಡ್ ನಿಕ್ಸನ್ನರ ಕಾಲದ ಹಗರಣಗಳಿಂದ. ಅವುಗಳಲ್ಲಿ ಒಂದು ಹಾಲಿಗೆ ಸಂಬಂಧಿಸಿದ್ದು. ಹಾಲು ಉತ್ಪಾದಕರ ಸಂಘವು ನಿಕ್ಸನ್ನರ ಮರುಚುನಾವಣೆಗಾಗಿ 20 ಲಕ್ಷ ಡಾಲರುಗಳನ್ನು ಕೊಡುವುದಾಗಿ ಮಾತು ಕೊಟ್ಟಿದ್ದಿತು. 1971ರ ಮಾರ್ಚಿಯಲ್ಲಿ ಸರ್ಕಾರವು ಹಾಲಿನ ಬೆಂಬಲ ಬೆಲೆಯನ್ನು ಏರಿಸಿತು. ಇವೆರಡಕ್ಕೂ ಸಂಬಂಧವಿಲ್ಲವೆಂದು ನಿಕ್ಸನ್ನರು ಹೇಳಿದರು. ಇದ್ದಿರಬಹುದು, ಇಲ್ಲದಿರಬಹುದು. ಹಂಗಿನ ಲಕ್ಷಣವೇ ಅದು: ಅದನ್ನು ಸಾಕ್ಷಿ ಹಾಕಿ ತೋರಿಸಲಾಗದು, ಇಲ್ಲವೆಂದು ನಂಬಿಸಲೂ ಆಗದು. ಹಾಲಿನ ಬೆಲೆ ನ್ಯಾಯವಾಗಿಯೇ ಏರಿದ್ದರೂ ಆ ನ್ಯಾಯದ ಮೇಲೆ ಕಲೆ ಉಳಿಯಿತು. ದೇಣಿಗೆಯು ಕೆಟ್ಟ ಕಾರ್ಯವನ್ನು ಮಾಡಿಸುವುದಷ್ಟೇ ಅಲ್ಲ, ಒಳ್ಳೆಯ ಕಾರ್ಯದ ಮೇಲಿನ ವಿಶ್ವಾಸವನ್ನೂ ಕಳೆಯುತ್ತದೆ.

ಆಗ ಏರ್ಪಟ್ಟ ವ್ಯವಸ್ಥೆ ಸರಳವಾದುದು. ವರಮಾನ ತೆರಿಗೆಯ ಪತ್ರದಲ್ಲಿ ಒಂದು ಚಿಕ್ಕ ಚೌಕ. ಅದರಲ್ಲಿ ಗುರುತು ಹಾಕಿದ ತೆರಿಗೆದಾರನು ಸಲ್ಲಿಸುವ ಹಣದಲ್ಲಿ ಒಂದು ಡಾಲರು ಅಧ್ಯಕ್ಷ ಚುನಾವಣೆಯ ನಿಧಿಗೆ ಸಲ್ಲುತ್ತದೆ; 1993ರಲ್ಲಿ ಇದನ್ನು ಮೂರು ಡಾಲರುಗಳಿಗೆ ಏರಿಸಲಾಯಿತು. ತೆರಿಗೆ ಇದರಿಂದ ಹೆಚ್ಚುವುದಿಲ್ಲ. ಪಕ್ಷದ ಉಮೇದುವಾರಿಕೆಗಾಗಿ ಸ್ಪರ್ಧಿಸುವವರಿಗೆ, ಪ್ರತಿಯೊಬ್ಬ ದಾನಿಯ ಮೊದಲ 250 ಡಾಲರುಗಳಿಗೆ ಸಮನಾಗಿ ನಿಧಿಯಿಂದಲೂ ಅಷ್ಟೇ ಹಣ. ಪಕ್ಷದ ಉಮೇದುವಾರನಾಗಿ ಆಯ್ಕೆಗೊಂಡವನಿಗೆ ಮುಂದಿನ ಚುನಾವಣೆಯ ಪೂರ್ಣ ವೆಚ್ಚ. ಪ್ರತಿಯಾಗಿ ಆತನು ಹೊರಗಿನ ದೇಣಿಗೆಯನ್ನು ಮುಟ್ಟಬಾರದು, ಗೊತ್ತುಪಡಿಸಿದ ಮಿತಿಯನ್ನು ದಾಟಬಾರದು. 1976ರಲ್ಲಿ ಜೆರಾಲ್ಡ್ ಫೋರ್ಡ್ ಮತ್ತು ಜಿಮ್ಮಿ ಕಾರ್ಟರ್ ಇಬ್ಬರೂ ತಲಾ 2 ಕೋಟಿ 18 ಲಕ್ಷ ಡಾಲರುಗಳನ್ನು ಪಡೆದು ಸಮಸಮನಾಗಿ ಸ್ಪರ್ಧಿಸಿದರು.

ಆದರೆ ಅದೇ ವರ್ಷದ ಜನವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಬಕ್ಲಿ ಮೊಕದ್ದಮೆಯಲ್ಲಿ ಒಂದು ತೀರ್ಪನ್ನಿತ್ತಿದ್ದಿತು. ಒಬ್ಬನು ಕೊಡುವ ದೇಣಿಗೆಗೆ ಮಿತಿ ಹಾಕಬಹುದು. ಆದರೆ ಉಮೇದುವಾರನ ವೆಚ್ಚಕ್ಕೆ ಬಲಾತ್ಕಾರವಾಗಿ ಮಿತಿ ಹಾಕುವುದು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧ. ಬೊಕ್ಕಸದ ಹಣವನ್ನು ಸ್ವೀಕರಿಸುವವನು ತಾನಾಗಿಯೇ ಮಿತಿಗೆ ಒಪ್ಪಿದರೆ ಮಾತ್ರ ಅದು ಸಿಂಧು ಎಂಬುದು ಅದರ ಸಾರ. ಹೀಗೆ ಕಾನೂನಾಗಿ ಹುಟ್ಟಿದುದು ವ್ರತವಾಗಿ ಮಾರ್ಪಟ್ಟಿತು. ವ್ರತವೆಂದ ಮೇಲೆ ಅದನ್ನು ಹಿಡಿಯುವವನ ಮನಸ್ಸೇ ಅದಕ್ಕೆ ಕಾವಲು, ಹೊರಗಿನ ಕಾವಲಿಲ್ಲ.

1976ರಿಂದ 2004ರವರೆಗೆ ಎರಡು ದೊಡ್ಡ ಪಕ್ಷಗಳ ಉಮೇದುವಾರರೆಲ್ಲರೂ ಅಂತಿಮ ಚುನಾವಣೆಗೆ ಈ ಹಣವನ್ನೇ ಪಡೆದರು. ಇದನ್ನು ಕಂಡು ಹೊಗಳಿದವರುಂಟು. ಆದರೆ ಆ ಕಾಲದಲ್ಲಿ ಅಷ್ಟು ಹಣವನ್ನು ಹೊರಗಿನಿಂದ ಕೂಡಿಸುವುದೇ ಬಹು ಕಷ್ಟವಾಗಿದ್ದಿತೆಂಬುದನ್ನು ಮರೆಯಲಾಗದು. ಕೂಡಿಸಬಲ್ಲವರು ಬಂದೊಡನೆ ವ್ರತ ಸಡಿಲತೊಡಗಿತು. 2000ದಲ್ಲಿ ಜಾರ್ಜ್ ಬುಷ್ಷರು ಪಕ್ಷದೊಳಗಿನ ಸ್ಪರ್ಧೆಗೆ ಸರ್ಕಾರದ ಸಮಧನವನ್ನು ನಿರಾಕರಿಸಿದರು. 2004ರಲ್ಲಿ ಅವರೊಂದಿಗೆ ಎದುರು ಪಕ್ಷದ ಜಾನ್ ಕೆರಿಯವರೂ ಅದೇ ದಾರಿ ಹಿಡಿದರು. ಅಂತಿಮ ಚುನಾವಣೆಯ ಹಣವನ್ನು ಮಾತ್ರ ಇಬ್ಬರೂ ಸ್ವೀಕರಿಸಿದರು.

2008ರ ಚುನಾವಣೆಯಲ್ಲಿ ನಡೆದುದು ಸಾವಕಾಶವಾಗಿ ಆಲೋಚಿಸಲು ಯೋಗ್ಯವಾಗಿದೆ. ಸೆನೆಟರ್ ಬರಾಕ್ ಒಬಾಮರು 2007ರ ಆರಂಭದಲ್ಲಿ ಚುನಾವಣಾ ಆಯೋಗಕ್ಕೆ ಒಂದು ಪ್ರಶ್ನೆಯನ್ನು ಬರೆದು ಕೇಳಿದರು: ಅಂತಿಮ ಚುನಾವಣೆಗೆಂದು ಹೊರಗಿನ ಹಣವನ್ನು ಕೂಡಿಸಿ, ಎದುರಾಳಿಯೂ ಒಪ್ಪಿದಲ್ಲಿ ಅದನ್ನು ಹಿಂತಿರುಗಿಸಿ ಬೊಕ್ಕಸದ ಹಣವನ್ನು ಪಡೆಯಬಹುದೇ? ಆಗಬಹುದೆಂದು ಆಯೋಗ ಹೇಳಿತು. ಸೆನೆಟರ್ ಜಾನ್ ಮೆಕೇನರು ತಾವೂ ಅದಕ್ಕೆ ಸಿದ್ಧವೆಂದರು. ತಮ್ಮನ್ನು ಪಕ್ಷವು ಆರಿಸಿದರೆ ಎದುರಾಳಿಯೊಂದಿಗೆ ಅಂಥ ಒಪ್ಪಂದಕ್ಕಾಗಿ ಶ್ರಮಿಸುವುದಾಗಿ ಒಬಾಮರು ಅದೇ ವರ್ಷ ಲಿಖಿತವಾಗಿಯೂ ತಿಳಿಸಿದರು. ಅಷ್ಟರಲ್ಲಿ ಅವರ ಕಡೆಗೆ ಲಕ್ಷಾಂತರ ಜನರ ದೇಣಿಗೆ ಹರಿದುಬರತೊಡಗಿತು. 2008ರ ಜೂನ್ 19ರಂದು ಅವರು ತಮ್ಮ ಬೆಂಬಲಿಗರಿಗೆ ಸಂದೇಶವನ್ನಿತ್ತು, ಈ ವ್ಯವಸ್ಥೆ ಮುರಿದುಹೋಗಿದೆ, ಎದುರಿನವರು ಅದರ ಸಂದುಗಳಲ್ಲಿ ನುಸುಳುವುದರಲ್ಲಿ ನಿಪುಣರು, ಆದುದರಿಂದ ಬೊಕ್ಕಸದ ಹಣ ತಮಗೆ ಬೇಡವೆಂದರು. ಆ ವರ್ಷದ ಸೆಪ್ಟೆಂಬರ್ ತಿಂಗಳೊಂದರಲ್ಲಿಯೇ ಅವರಿಗೆ ಬಂದ ಹಣ 15 ಕೋಟಿ ಡಾಲರುಗಳಿಗೂ ಮಿಗಿಲು. ಮೆಕೇನರು ಪಡೆದ ಬೊಕ್ಕಸದ ಹಣ 8 ಕೋಟಿ 41 ಲಕ್ಷ.

ನುಡಿದಂತೆ ನಡೆಯಲಿಲ್ಲವೆಂಬ ಆಕ್ಷೇಪಣೆಗೆ ಇಲ್ಲಿ ಉತ್ತರವಿಲ್ಲ. ಶ್ರಮಿಸುವೆನೆಂದದ್ದಷ್ಟೇ, ಸ್ವೀಕರಿಸುವೆನೆಂದಿರಲಿಲ್ಲ ಎಂಬ ವಾದವು ವಕೀಲರಿಗೆ ಒಪ್ಪಿಗೆಯಾದೀತು, ಕೇಳಿದ ಜನಕ್ಕೆ ಒಪ್ಪಿಗೆಯಾಗದು. ಆದರೆ ಒಬಾಮರ ಪಕ್ಷದ ಇನ್ನೊಂದು ವಾದಕ್ಕೆ ಬೆಲೆಯುಂಟು. ಲಕ್ಷಾಂತರ ಸಾಮಾನ್ಯರು ಐದು, ಹತ್ತು, ಇಪ್ಪತ್ತು ಡಾಲರುಗಳನ್ನು ಕೂಡಿಸಿ ಒಬ್ಬನನ್ನು ನಿಲ್ಲಿಸಿದರೆ ಅದೇ ನಿಜವಾದ ಸಾರ್ವಜನಿಕ ಧನವಲ್ಲವೇ? ಅವನ ಹಂಗು ಯಾರಿಗೆ? ಎಲ್ಲರಿಗೂ, ಎಲ್ಲರ ಹಂಗೆಂದರೆ ಯಾರೊಬ್ಬರ ಹಂಗೂ ಅಲ್ಲ. ಈ ಮಾತು ಸೊಗಸಾಗಿದೆ, ಅರ್ಧ ಸತ್ಯವೂ ಆಗಿದೆ. ಚುನಾವಣೆ ಮುಗಿದ ಮೇಲೆ ವಿದ್ವಾಂಸರು ಲೆಕ್ಕ ತೆಗೆದು ನೋಡಿದಾಗ, ಒಟ್ಟು 200 ಡಾಲರುಗಳಿಗೆ ಮೀರದಂತೆ ಕೊಟ್ಟವರಿಂದ ಬಂದುದು ಸುಮಾರು ಕಾಲು ಭಾಗವೆಂದು ತಿಳಿದುಬಂದಿತು. ಉಳಿದುದು ಮೇಲ್ಪಟ್ಟವರದು, ಕಾನೂನು ಆಗ ಒಂದೊಂದು ಹಂತಕ್ಕೆ 2,300 ಡಾಲರುಗಳವರೆಗೆ ಕೊಡಲು ಅವಕಾಶವಿತ್ತಿದ್ದಿತು.

ಹಾಗಾದರೆ ಮೆಕೇನರ ನಡೆಯನ್ನು ಕೊಂಡಾಡಬೇಕೇ? ಅವರು ದೇಣಿಗೆಯ ಶುದ್ಧಿಗಾಗಿ ಬಹುಕಾಲ ಹೋರಾಡಿದವರು. ಪಕ್ಷಗಳಿಗೆ ಮಿತಿಯಿಲ್ಲದೆ ಹರಿಯುತ್ತಿದ್ದ ಹಣವನ್ನು ತಡೆದ 2002ರ ಕಾನೂನಿಗೆ ಅವರ ಹೆಸರೇ ಅಂಟಿಕೊಂಡಿದೆ. ಆದರೆ 2007ರಲ್ಲಿ ಕೈಯಲ್ಲಿ ಕಾಸಿಲ್ಲದಾಗ ಪಕ್ಷದೊಳಗಿನ ಸ್ಪರ್ಧೆಗೆ ಸರ್ಕಾರದ ಸಮಧನವನ್ನು ಬೇಡಿ ಅರ್ಹತೆಯನ್ನೂ ಪಡೆದಿದ್ದ ಅವರು, 2008ರ ಫೆಬ್ರುವರಿಯಲ್ಲಿ ಗೆಲುವು ಕಣ್ಣಿಗೆ ಕಂಡೊಡನೆ, ವೆಚ್ಚದ ಮಿತಿಗೆ ಸಿಕ್ಕಬಾರದೆಂದು ಅದರಿಂದ ಹಿಂದೆ ಸರಿದರು. ಅಂತಿಮ ಚುನಾವಣೆಯಲ್ಲಿ ಬೊಕ್ಕಸದ ಹಣವನ್ನು ಒಪ್ಪಿದರೆಂಬುದೂ ನಿಜ; ಎದುರಾಳಿಯಷ್ಟು ಕೂಡಿಸುವ ಶಕ್ತಿ ಅವರಿಗಿರಲಿಲ್ಲವೆಂಬುದೂ ನಿಜ. ಅವರ ಪಕ್ಷದ ರಾಷ್ಟ್ರೀಯ ಸಮಿತಿಯಂತೂ ದೊಡ್ಡ ದೇಣಿಗೆಗಳನ್ನು ಪಡೆಯುತ್ತಲೇ ಇದ್ದಿತು. ಮನೆಯಲ್ಲಿ ಅಕ್ಕಿಯಿಲ್ಲದ ದಿನ ಉಪವಾಸವಿದ್ದವನನ್ನು ವ್ರತಸ್ಥನೆಂದು ಕರೆಯುವುದು ಹೇಗೆ? ಕರೆಯಬಾರದೆಂದೂ ಹೇಳಲಾಗದು, ಏಕೆಂದರೆ ಅವನ ಮನಸ್ಸು ಕಂಡವರಿಲ್ಲ. ಇಬ್ಬರ ವಿಷಯದಲ್ಲಿಯೂ ನಿಶ್ಚಯವಾಗಿ ಹೇಳಬಹುದಾದುದು ಇಷ್ಟೇ: ತತ್ತ್ವ ಮತ್ತು ಅನುಕೂಲ ಎರಡೂ ಒಂದೇ ದಾರಿಯಲ್ಲಿದ್ದಾಗ ಇಬ್ಬರೂ ಆ ದಾರಿಯಲ್ಲಿ ನಡೆದರು, ಅವು ಕವಲೊಡೆದ ಕಡೆ ಇಬ್ಬರೂ ಅನುಕೂಲದ ಕವಲನ್ನೇ ಹಿಡಿದರು. ಉಮೇದುವಾರರು ಈ ಪ್ರಶ್ನೆಯಲ್ಲಿ ಎಲ್ಲಿ ನಿಲ್ಲುತ್ತಾರೆಂದು ಅವರ ಭಾಷಣಗಳಿಂದ ತಿಳಿಯಲು ಹೊರಡುವವರು ಈ ಕವಲನ್ನು ಹುಡುಕಬೇಕು. ಒಬ್ಬನು ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳಬೇಕು, ಎದುರಿನವನ ಕೈ ಬಿಚ್ಚಿರಬಹುದು ಎಂಬ ನೇಮವನ್ನು ಗೆಲ್ಲಲು ಹೊರಟವರ ಮೇಲೆ ಹೊರಿಸಿದ್ದು ಅವರ ದೋಷವೋ ನೇಮದ ದೋಷವೋ ಎಂಬುದನ್ನೂ ಕೇಳಿಕೊಳ್ಳಬೇಕು.

ಆಮೇಲಿನ ಕಥೆ ಚಿಕ್ಕದು. 2012ರಲ್ಲಿ ಒಬಾಮರೂ ಮಿಟ್ ರಾಮ್ನಿಯವರೂ ಬೊಕ್ಕಸದ ಹಣವನ್ನು ಪಡೆಯಲಿಲ್ಲ. ನಾಲ್ಕು ವರ್ಷಗಳ ಹಿಂದಿನಷ್ಟು ಚರ್ಚೆಯೂ ಆಗಲಿಲ್ಲ. 2016, 2020, 2024ರಲ್ಲಿಯೂ ದೊಡ್ಡ ಪಕ್ಷಗಳ ಉಮೇದುವಾರರು ಅದನ್ನು ಮುಟ್ಟಲಿಲ್ಲ. ಪಕ್ಷಗಳ ಮಹಾಸಮ್ಮೇಳನಗಳಿಗೆ ಈ ನಿಧಿಯಿಂದ ಕೊಡುತ್ತಿದ್ದುದನ್ನು 2014ರಲ್ಲಿ ನಿಲ್ಲಿಸಿ, ಆ ಹಣವನ್ನು ಮಕ್ಕಳ ರೋಗಗಳ ಸಂಶೋಧನೆಗೆ ತಿರುಗಿಸಲಾಯಿತು. ಯಾರೂ ಅದನ್ನು ಕೆಟ್ಟ ಕೆಲಸವೆನ್ನಲಾರರು.

ಬೊಕ್ಕಸದ ಹಣವನ್ನು ವಿರೋಧಿಸುವವರ ಬಲವಾದ ವಾದವು ಹಣದ್ದಲ್ಲ, ಅಂತಃಕರಣದ್ದು. ತಾನು ನಂಬದ ಅಭಿಪ್ರಾಯಗಳ ಪ್ರಚಾರಕ್ಕಾಗಿ ಒಬ್ಬನಿಂದ ಹಣ ಕೀಳುವುದು ದಬ್ಬಾಳಿಕೆಯೆಂದು ಥಾಮಸ್ ಜೆಫರ್ಸನ್ನರು, 1786ರಲ್ಲಿ ಅಂಗೀಕೃತವಾದ ವರ್ಜೀನಿಯದ ಧರ್ಮಸ್ವಾತಂತ್ರ್ಯದ ಕಾನೂನಿನಲ್ಲಿ ಬರೆದಿದ್ದರು. ತಾನು ದ್ವೇಷಿಸುವ ಉಮೇದುವಾರನ ಭಿತ್ತಿಪತ್ರಕ್ಕೆ ತನ್ನ ಬೆವರಿನ ಹಣವೇಕೆ ಎಂದು ಕೇಳುವ ತೆರಿಗೆದಾರನು ಆ ಮಾತಿನ ನೆರಳಿನಲ್ಲಿ ನಿಂತಿದ್ದಾನೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನ್ಯಾಯಾಧೀಶನ ಸಂಬಳಕ್ಕೂ ಕೊಡುತ್ತೇವೆ, ಅವನ ತೀರ್ಪನ್ನು ಮೊದಲೇ ಒಪ್ಪಿ ಕೊಡುವುದಿಲ್ಲ ಎಂದು ಉತ್ತರ ಹೇಳಬಹುದು. ಬೊಕ್ಕಸದ ಹಣವು ಒಬ್ಬನ ಅಭಿಪ್ರಾಯಕ್ಕಲ್ಲ, ಎಲ್ಲರ ಅಭಿಪ್ರಾಯಗಳು ಸಮನಾದ ನೆಲದಲ್ಲಿ ಎದುರಾಗುವ ಕಣಕ್ಕೆ. ಆದರೂ ಈ ಉತ್ತರವು ಎಲ್ಲರ ಮನಸ್ಸಿಗೆ ಇಳಿದಿಲ್ಲ. 1980ರಲ್ಲಿ ತೆರಿಗೆಪತ್ರಗಳ ಪೈಕಿ ನೂರಕ್ಕೆ ಸುಮಾರು 29ರಲ್ಲಿ ಆ ಚೌಕಕ್ಕೆ ಗುರುತು ಬಿದ್ದಿದ್ದಿತು. 2008ರ ವೇಳೆಗೆ ಅದು ಹತ್ತಕ್ಕಿಂತಲೂ ಕೆಳಗೆ ಇಳಿದಿದ್ದಿತು. ಬೆಲೆಯಿಲ್ಲದ ಗುರುತೊಂದನ್ನು ಹಾಕಲು ಹಿಂಜರಿದ ಜನ, ಉಮೇದುವಾರರು ದೊಡ್ಡ ಬೆಲೆ ತೆತ್ತು ವ್ರತವನ್ನುಳಿಸಲಿಲ್ಲವೆಂದು ಎಷ್ಟು ಜೋರಾಗಿ ದೂರಬಹುದು?

ರಾಷ್ಟ್ರದ ಮಟ್ಟದಲ್ಲಿ ಸೋತ ಈ ವಿಚಾರವು ಕೆಲವು ಸಂಸ್ಥಾನಗಳಲ್ಲಿ ಬೇರೆ ರೂಪದಿಂದ ಬದುಕಿದೆ. ಮೇಯ್ನ್ ಸಂಸ್ಥಾನದ ಮತದಾರರು 1996ರಲ್ಲಿ ನೇರವಾಗಿ ಮತ ಹಾಕಿ ಇಂಥ ಕಾನೂನನ್ನು ತಂದುಕೊಂಡರು, ಆರಿಜೋನದವರು 1998ರಲ್ಲಿ. ಎದುರಾಳಿ ಹೆಚ್ಚು ವೆಚ್ಚ ಮಾಡಿದಂತೆಲ್ಲ ಬೊಕ್ಕಸವೂ ಹೆಚ್ಚು ಕೊಡುವ ಏರ್ಪಾಟನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ರದ್ದುಗೊಳಿಸಿದ್ದರಿಂದ ಇವಕ್ಕೂ ಪೆಟ್ಟು ತಗಲಿತು. ಆದರೆ ಬುಡ ಉಳಿಯಿತು. ಮೇಯ್ನ್‌ನಲ್ಲಿ ಕೆಳಮನೆಗೆ ನಿಲ್ಲಬಯಸುವವನು ತನ್ನ ಕ್ಷೇತ್ರದ ಕನಿಷ್ಠ 60 ಮತದಾರರಲ್ಲಿ ಒಬ್ಬೊಬ್ಬರಿಂದ ಐದು ಡಾಲರುಗಳನ್ನು ಪಡೆಯಬೇಕು. ಆ ಐದು ಡಾಲರುಗಳು ಅವನಿಗಲ್ಲ. ಸಂಸ್ಥಾನದ ಚುನಾವಣಾ ನಿಧಿಗೆ ಜಮೆಯಾಗುತ್ತವೆ. ಜನಕ್ಕೆ ಅವನು ಬೇಕಾಗಿದ್ದಾನೆಂಬುದಕ್ಕೆ ಅದು ಸಾಕ್ಷಿ ಮಾತ್ರ. ಅನಂತರ ಅವನ ವೆಚ್ಚಕ್ಕೆ ಬರುವ ಹಣದಲ್ಲಿ ಯಾರ ನೋಟು ಯಾವುದೆಂದು ಕೊಟ್ಟವರೂ ಅರಿಯರು, ಪಡೆದವನೂ ಅರಿಯನು.