ಭಕ್ತಿ ಪಿತ್ರಾರ್ಜಿತವೇ?

ಫಿಟ್ಸ್‌ಪ್ಯಾಟ್ರಿಕ್ ಎಂಬ ಐರಿಷ್ ಮನೆತನದ ಹೆಸರಿನೊಳಗಿಂದ ಒಬ್ಬ ಆಳು ಕಾಣೆಯಾಗಿದ್ದಾನೆ. ಐರಿಷ್ ಭಾಷೆಯಲ್ಲಿ ಅದರ ಮೂಲರೂಪ ‘ಮಕ್ ಗಿಲ್ಲ ಫಾಡ್ರಿಗ್’. ಮಕ್ ಎಂದರೆ ಮಗ, ಗಿಲ್ಲ ಎಂದರೆ ಸೇವೆಗೆ ನಿಂತ ಹುಡುಗ, ಆಳು. ಕೂಡಿಸಿ ಓದಿದರೆ ‘ಸಂತ ಪ್ಯಾಟ್ರಿಕನ ಆಳಿನ ಮಗ’. ಇಂಗ್ಲಿಷ್ ರೂಪದಲ್ಲಿರುವ ‘ಫಿಟ್ಸ್’ ನಾರ್ಮನ್ನರ ಫ್ರೆಂಚಿನಿಂದ ಬಂದದ್ದು, ಅದಕ್ಕೂ ಮಗ ಎಂದೇ ಅರ್ಥ. ನಡುವಿನ ಗಿಲ್ಲ ಮಾತ್ರ ಬಿದ್ದುಹೋಗಿ, ಸಂತನ ಆಳಿನ ಸಂತತಿ ಸಂತನದೇ ಸಂತತಿಯಾಯಿತು. ಧರ್ಮದ ದೃಷ್ಟಿಯಿಂದ ಇದು ಸಣ್ಣ ಬದಲಾವಣೆಯಲ್ಲ. ಭಕ್ತನಾದ ಆಳು ತಾನಾಗಿ ಒಪ್ಪಿ ಸೇವೆಗೆ ನಿಲ್ಲುತ್ತಾನೆ. ಮಗ ಹುಟ್ಟಿನಿಂದಲೇ ಹಕ್ಕುದಾರ. ಹಾಗಾದರೆ ಭಕ್ತಿ ಯಾವ ಬಗೆಯ ಆಸ್ತಿ, ಪಿತ್ರಾರ್ಜಿತವೋ ಸ್ವಯಾರ್ಜಿತವೋ? ಈ ಹೆಸರಿನ ಚರಿತ್ರೆ ಸ್ವಯಾರ್ಜಿತವೆಂಬ ಕಡೆಗೇ ಸಾಕ್ಷಿ ನುಡಿಯುತ್ತದೆ.

ಮಧ್ಯಯುಗದ ಐರ್ಲೆಂಡಿನಲ್ಲಿ ಮಗುವಿಗೆ ನೇರವಾಗಿ ಪ್ಯಾಟ್ರಿಕ್ ಎಂದು ಹೆಸರಿಡಲು ಜನ ಅಳುಕುತ್ತಿದ್ದರು. ಅಷ್ಟು ದೊಡ್ಡವರ ಹೆಸರು ಹೊರುವ ಯೋಗ್ಯತೆ ತಮಗೆಲ್ಲಿಯದು ಎಂಬ ಭಾವ. ಆದ್ದರಿಂದ ಸಂತರ ಹೆಸರಿನ ಹಿಂದೆ ಗಿಲ್ಲ ಎಂದೋ, ತಲೆ ಬೋಳಿಸಿಕೊಂಡ ಭಕ್ತ ಎಂಬರ್ಥದ ಮೋಲ್ ಎಂದೋ ಸೇರಿಸುತ್ತಿದ್ದರು. ಇಂದಿನ ಮಲೋನ್ ಎಂಬ ಹೆಸರಿನಲ್ಲಿ ಸಂತ ಯೋಹಾನನ ಅಂಥ ಬೋಳುತಲೆಯ ಭಕ್ತನಿದ್ದಾನೆ, ಗಿಲ್‌ಕ್ರಿಸ್ಟ್‌ನಲ್ಲಿ ಕ್ರಿಸ್ತನ ಆಳಿದ್ದಾನೆ. ಓಸರಿ ಎಂಬುದು ಸುಮಾರಾಗಿ ಇಂದಿನ ಕಿಲ್ಕೆನ್ನಿ ಕೌಂಟಿ ಮತ್ತು ಲೀಶ್ ಕೌಂಟಿಯ ಪಶ್ಚಿಮ ಭಾಗ. ಅಲ್ಲಿ ರಾಜನಾಗಿದ್ದು 996ರಲ್ಲಿ ಸತ್ತ ಗಿಲ್ಲ ಪಾಟ್ರಿಕ್‌ನಿಂದ ಮನೆತನಕ್ಕೆ ಈ ಹೆಸರು ಬಂತು. ಆಳು ಎಂಬ ಹೆಸರಿನವನೇ ನಾಡನ್ನು ಆಳುತ್ತಿದ್ದ. ಕನ್ನಡದ ಕಿವಿಗೆ ಈ ವಿನೋದ ಬೇಗ ತಟ್ಟುತ್ತದೆ. ಆದರೆ ಆ ಹೆಸರನ್ನು ಅವನು ಆರಿಸಿಕೊಂಡದ್ದಲ್ಲ, ಹೆತ್ತವರು ಇಟ್ಟದ್ದು. ಅವನ ಮಕ್ಕಳ ಕಾಲಕ್ಕೆ ಅದು ರಾಜವಂಶದ ಗುರುತಾಯಿತು. ಹೆಸರು ವಂಶಕ್ಕೆ ಅಂಟಿದ ಕ್ಷಣದಲ್ಲೇ ಹರಕೆ ಹಕ್ಕುಪತ್ರವಾಗಿತ್ತು.

ಆಳು ಬಿದ್ದುಹೋದ ಸಂದರ್ಭ ಇನ್ನೂ ಸ್ವಾರಸ್ಯದ್ದು. 1534ರಲ್ಲಿ ಪೋಪರ ಅಧಿಕಾರವನ್ನು ಕಡಿದುಕೊಂಡ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ, ಐರಿಷ್ ಪಾಳೆಯಗಾರರು ನೆಲವನ್ನು ತನಗೆ ಒಪ್ಪಿಸಿ ತನ್ನಿಂದಲೇ ಮರಳಿ ಪಡೆಯುವ ಏರ್ಪಾಡು ತಂದ. 1537ರಲ್ಲಿ ಈ ಮನೆತನದ ಮುಖ್ಯಸ್ಥ ಅವನಿಗೆ ಶರಣಾದ, 1541ರಲ್ಲಿ ಅಪ್ಪರ್ ಓಸರಿಯ ಬ್ಯಾರನ್ ಆದ, ಫಿಟ್ಸ್‌ಪ್ಯಾಟ್ರಿಕ್ ಎಂದು ಬರೆದುಕೊಂಡ. ದೊರೆಯ ಆಳಾಗಲು ಒಪ್ಪಿದ ಹೊತ್ತಿನಲ್ಲೇ ಸಂತನ ಆಳು ಹೆಸರಿನಿಂದ ಹೊರಟುಹೋದ. 1751ರಲ್ಲಿ ಮನೆತನದ ಒಂದು ಕವಲು ಅರ್ಲ್ ಪದವಿಗೇರಿದಾಗ ಆ ಕವಲು ಪ್ರಾಟೆಸ್ಟಂಟ್ ಚರ್ಚಿನಲ್ಲಿತ್ತು. ಲೀಶ್‌ನ ಹೊಲಗಳಲ್ಲಿ ದುಡಿಯುತ್ತಿದ್ದ ಫಿಟ್ಸ್‌ಪ್ಯಾಟ್ರಿಕ್‌ಗಳು ಕ್ಯಾಥೊಲಿಕರಾಗಿಯೇ ಇದ್ದರು. ಹೆಸರು ಒಂದೇ, ನಂಬಿಕೆ ಎರಡು.

ಹಾಗೆ ಉಳಿದವರನ್ನೇ ಮುಂದಿಟ್ಟು ಒಬ್ಬರು ಆಕ್ಷೇಪಿಸಬಹುದು: ತಲೆಮಾರುಗಳ ಕಾಲ ಕಷ್ಟ ಸಹಿಸಿ ಉಳಿಸಿಕೊಂಡ ಆ ನಂಬಿಕೆ ಪಿತ್ರಾರ್ಜಿತವಲ್ಲದೆ ಮತ್ತೇನು? ಇದಕ್ಕೆ ಉತ್ತರ ಅಂದಿನ ಕಾಯ್ದೆಯಲ್ಲೇ ಇದೆ. 1704ರ ಕಾನೂನಿನ ಪ್ರಕಾರ ಕ್ಯಾಥೊಲಿಕನ ಜಮೀನು ಗಂಡುಮಕ್ಕಳಿಗೆಲ್ಲ ಹಂಚಿಹೋಗಬೇಕು; ಹಿರಿಮಗ ಪ್ರಾಟೆಸ್ಟಂಟನಾದರೆ ಅಷ್ಟೂ ಅವನಿಗೇ. ಅಂದರೆ ಜಮೀನಿದ್ದ ಮನೆಯಲ್ಲಿ ಅಪ್ಪ ಸತ್ತಾಗಲೆಲ್ಲ ನೆಲವೋ ನಂಬಿಕೆಯೋ ಎಂದು ಹಿರಿಮಗ ಹೊಸದಾಗಿ ತೀರ್ಮಾನಿಸಬೇಕಿತ್ತು. ಅಪ್ಪನ ಭಕ್ತಿ ಅವನಿಗೆ ದಾರಿ ತೋರಿಸಿರಬಹುದು. ಬೆಲೆ ತೆತ್ತದ್ದು ಅವನೇ. ಇನ್ನೊಂದು ಆಕ್ಷೇಪ ಕ್ರೈಸ್ತ ಚಿಂತನೆಯೊಳಗಿನದು. ಮನುಷ್ಯ ದೇವರ ಎದುರು ಆಳಾಗಿ ಉಳಿಯದೆ ಮಗನಾಗುತ್ತಾನೆ ಎಂಬುದು ಗಲಾತ್ಯದವರಿಗೆ ಪೌಲ ಬರೆದ ಪತ್ರದ ತಿರುಳುಗಳಲ್ಲೊಂದು. ಹಾಗಿದ್ದಮೇಲೆ ಗಿಲ್ಲ ಹೋಗಿ ಮಗ ಉಳಿದದ್ದು ಬಡ್ತಿಯೇ ಅಲ್ಲವೇ? ಆದರೆ ಪೌಲ ಹೇಳುವ ಮಗ ದತ್ತುಮಗ, ರಕ್ತದ ವಾರಸುದಾರನಲ್ಲ. ದತ್ತು ಎಂಬುದು ತಾತನಿಂದ ಮೊಮ್ಮಗನಿಗೆ ತಾನಾಗಿ ಇಳಿಯುವುದಿಲ್ಲ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸ್ವತಃ ಪ್ಯಾಟ್ರಿಕ್. ಅವನು ಐರ್ಲೆಂಡಿನಲ್ಲಿ ಹುಟ್ಟಿದವನಲ್ಲ, ರೋಮನ್ ಬ್ರಿಟನ್ನಿನವನು. ತಾತ ಪಾದ್ರಿ, ಅಪ್ಪ ಚರ್ಚಿನ ಡೀಕನ್. ಇಷ್ಟಿದ್ದರೂ ಹದಿನಾರರ ಹೊತ್ತಿಗೆ ತನಗೆ ನಿಜದೇವರ ಪರಿಚಯವಿರಲಿಲ್ಲವೆಂದು ‘ಕನ್ಫೆಸಿಯೋ’ ಎಂಬ ತನ್ನ ಬರಹದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಆ ವಯಸ್ಸಿನಲ್ಲಿ ದರೋಡೆಕೋರರು ಹೊತ್ತೊಯ್ದು ಐರ್ಲೆಂಡಿನಲ್ಲಿ ಗುಲಾಮನನ್ನಾಗಿಸಿದರು. ಮಂದೆ ಕಾಯುತ್ತಾ ಕಳೆದ ಆರು ವರ್ಷಗಳಲ್ಲಿ ಅವನು ಪ್ರಾರ್ಥನೆ ಕಲಿತ. ಪಾದ್ರಿಯ ಮೊಮ್ಮಗನಿಗೆ ವಂಶದಿಂದ ಸಿಗದ್ದು ಆಳಾದಾಗ ಸಿಕ್ಕಿತು.

1845ರಿಂದಾಚೆಗಿನ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತು, ಇನ್ನೂ ಸುಮಾರು ಅಷ್ಟೇ ಜನ ನಾಡು ಬಿಟ್ಟಾಗ, ಹಲವು ಐರಿಷ್ ಹೆಸರುಗಳಂತೆ ಇದೂ ಅಮೆರಿಕಕ್ಕೆ, ಇತರ ದೇಶಗಳಿಗೆ ಹಡಗು ಹತ್ತಿತು. ಅಲ್ಲೆಲ್ಲ ಅದು ಫಿಟ್ಸ್‌ಪ್ಯಾಟ್ರಿಕ್ಕೇ. ಐರಿಷ್ ಭಾಷೆಯಲ್ಲಿ ಬರೆಯುವವರು ಮಾತ್ರ ಇವತ್ತಿಗೂ ಮಕ್ ಗಿಲ್ಲ ಫಾಡ್ರಿಗ್ ಎಂದು ಬರೆಯುತ್ತಾರೆ.