ಮಾರ್ಕೆಟ್ಟು ‘ಯಾವ ಜನ?’ ಅಂತ ಕೇಳೋದಿಲ್ಲವೆ?

ಕುಮಟಾ ಬಸ್ ಸ್ಟ್ಯಾಂಡಿನ ಹತ್ತಿರದ ಚಾ ಅಂಗಡಿಯಲ್ಲಿ ಅವನಿದ್ದಾನೆ. ಹೊನ್ನಾವರದ ಬಂದರು ರಸ್ತೆಯಲ್ಲಿದ್ದಾನೆ. ಭಟ್ಕಳದ ಪೇಟೆಯಲ್ಲೂ ಇದ್ದಾನೆ. ಅವನು ಒಬ್ಬನಲ್ಲ, ಹಲವರು. ಆದರೆ ಮಾತು ಮಾತ್ರ ಒಂದೇ. ನಾವು ಅವನಿಗೆ ಪ್ರೀತಿಯಿಂದಲೇ ‘ಮಾರ್ಕೆಟ್ ಮಾಸ್ತರ’ ಎಂದು ಹೆಸರಿಟ್ಟಿದ್ದೇವೆ. ಲೋಕದ ಎಲ್ಲ ರೋಗಕ್ಕೂ ಅವನ ಹತ್ತಿರ ಒಂದೇ ಮದ್ದು. “ರೇಷನ್ ಅಕ್ಕಿ ಕೊಟ್ಟು ಜನರನ್ನ ಸೋಮಾರಿ ಮಾಡಿಬಿಟ್ರು.” “ಬಸ್ಸು, ಕರೆಂಟು, ಶಾಲೆ ಎಲ್ಲಾ ಖಾಸಗಿಗೆ ಕೊಡಲಿ, ತನ್ನಿಂದ ತಾನೇ ಸಮ ಆಗ್ತದೆ.” “ಓಡಿದ ಸಿನಿಮಾ ಒಳ್ಳೇ ಸಿನಿಮಾ, ಓಡದೇ ಇದ್ದದ್ದು ಪ್ರಶಸ್ತಿ ಸಿನಿಮಾ.” ಕೊನೆಗೆ ನಮ್ಮ ಮುಖ ನೋಡಿ, ಚಾ ಗ್ಲಾಸು ಕೆಳಗಿಟ್ಟು: “ಮೀಸಲಾತಿ ಎಂತಕ್ಕೆ ಮಾರಾಯ್ರೆ? ಮಾರ್ಕೆಟ್ಟು ಯಾವ ಜನ ಅಂತ ಕೇಳ್ತದಾ? ದುಡ್ಡಿದ್ಯಾ ಅಂತ ಕೇಳ್ತದೆ, ಅಷ್ಟೇ.”

ಇವನನ್ನು ನೋಡಿ ನಗುವುದು ಸುಲಭ. ಬಂಡವಾಳಶಾಹಿಯ ಬಾಲಬಡುಕ ಎಂದು ಬಿರುದು ಕೊಟ್ಟು ಎದ್ದು ಬರುವುದು ಇನ್ನೂ ಸುಲಭ. ನಾವು ಬಹಳ ಕಾಲ ಅದನ್ನೇ ಮಾಡಿದ್ದೇವೆ. ಆದರೆ ಈ ಮಾಸ್ತರ ಪರರವನಲ್ಲ. ಹೆಚ್ಚಿನಂಶ ಅವನ ಅಜ್ಜ ಒಡೆಯರ ಅಂಗಳದಲ್ಲಿ ಗೇಣಿ ಅಳೆದವನು. ಕೆಲವು ಸಲ ಅವನು ನಮ್ಮ ಕೇರಿಯವನೇ. ಅವನ ಮಾತಿಗೆ ಉತ್ತರ ಕೊಡದೆ ಎದ್ದು ಬಂದರೆ, ನಮ್ಮ ಮನೆಯ ಹುಡುಗನ ಪ್ರಶ್ನೆಗೇ ಬೆನ್ನು ತೋರಿಸಿದಂತೆ. ಆದ್ದರಿಂದ ಇವತ್ತು ಕೂತು ಮಾತಾಡೋಣ.

ಮೊದಲು ಅವನ ಮಾತಿನಲ್ಲಿ ನಿಜ ಎಷ್ಟು ಅನ್ನುವುದನ್ನು ಒಪ್ಪಿಕೊಳ್ಳಬೇಕು. ನಮ್ಮ ಹಿರಿಯರಿಗೆ ಕೂಲಿ ಸಿಗುತ್ತಿದ್ದದ್ದು ಭತ್ತದಲ್ಲಿ. ಹಬ್ಬಕ್ಕೆ ಹಳೇ ಬಟ್ಟೆ, ಉಳಿದ ಅನ್ನ. ಆಮೇಲೆ ದುಡ್ಡು ಬಂತು. ಕೈಗೆ ಕೈ ತಾಗದ ಹಾಗೆ ಮೇಲಿಂದ ಬಿಟ್ಟ ನಾಣ್ಯವೇ ಆಗಲಿ, ಅದನ್ನು ಹಿಡಿದು ಮುಂಬಯಿ ಬಸ್ಸು ಹತ್ತಬಹುದಿತ್ತು. ಅಂಗಳದಲ್ಲಿ ಸುರಿದ ಭತ್ತ ಹಿಡಿದು ಹತ್ತುವಂತಿರಲಿಲ್ಲ. ಬಾಬಾಸಾಹೇಬರು ಹಳ್ಳಿಯನ್ನು ಹಾಡಿ ಹೊಗಳಿದವರಲ್ಲ. ಜಾತಿಯು ದುಡಿಯುವವರನ್ನು ಹುಟ್ಟಿನಲ್ಲೇ ಪಾಲು ಮಾಡಿ, ಒಂದು ಕಸುಬಿನಿಂದ ಇನ್ನೊಂದಕ್ಕೆ ಹೋಗದ ಹಾಗೆ ಕಟ್ಟಿಹಾಕುತ್ತದೆ ಎಂದು ಅವರು 1936ರಲ್ಲೇ ವಾದಿಸಿದ್ದರು. ಕಸುಬು ಬದಲಿಸುವ ಸ್ವಾತಂತ್ರ್ಯ ಬೇಕು ಎನ್ನುವ ಮಾತು ಮಾಸ್ತರನಿಗಿಂತ ಮುಂಚೆ ನಮ್ಮದು.

ಸರ್ಕಾರ ಕೈ ಹಾಕಿದ್ದೆಲ್ಲ ಬಡವನಿಗೆ ಬಂತು ಎಂದೂ ನಾವು ಹೇಳುವುದಿಲ್ಲ. ಬೆಳ್ಳಿಕೋತ್ ಊರಿನವರಾದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಗೆ ಒಬ್ಬರೇ ನಿಂತು ಭಿನ್ನಮತದ ಟಿಪ್ಪಣಿ ಬರೆದರು. ಕೊರತೆಯ ಹಣಕಾಸಿನಿಂದ ಬೆಲೆ ಏರುತ್ತದೆ ಎಂದು ಎಚ್ಚರಿಸಿದರು. ಬೆಲೆ ಏರಿದರೆ ಮೊದಲ ಪೆಟ್ಟು ಬೀಳುವುದು ಕೂಲಿಯವನಿಗೇ. ಲೈಸೆನ್ಸು ಪರ್ಮಿಟ್ಟಿನ ಕಾಲದಲ್ಲಿ ಪರ್ಮಿಟ್ಟು ಸಿಕ್ಕಿದ್ದು ಸಾಹೇಬರ ಪರಿಚಯ ಇದ್ದವನಿಗೆ. ನಮ್ಮ ಕೇರಿಯಲ್ಲಿ ಆ ಪರಿಚಯ ಯಾರಿಗಿತ್ತು? ಸಿನಿಮಾದಲ್ಲೂ ಹಾಗೆಯೇ. ಕನ್ನಡಕ್ಕೆ ಡಬ್ಬಿಂಗ್ ಬರಬಾರದು ಎಂದು ಚಿತ್ರರಂಗದವರು ಹಾಕಿದ ಬೇಲಿ ಸ್ಪರ್ಧೆಗೆ ವಿರುದ್ಧ ಎಂದು ಸ್ಪರ್ಧಾ ಆಯೋಗ 2015ರಲ್ಲಿ ಹೇಳಿತು. ಇಂಗ್ಲಿಷು ಹಿಂದಿ ಬಾರದ ನಮ್ಮ ಮಕ್ಕಳು ಲೋಕದ ಕತೆಯನ್ನು ತಮ್ಮ ಮಾತಿನಲ್ಲಿ ಕೇಳಬಾರದು ಎನ್ನಲು ಯಾರಿಗೆ ಅಧಿಕಾರ? ಅಲ್ಲಿ ಮಾಸ್ತರ ಗೆದ್ದ. ನಾವೂ ಚಪ್ಪಾಳೆ ಹೊಡೆದೆವು.

ಈಗ ನಮ್ಮ ಪ್ರಶ್ನೆ. ಮಾರ್ಕೆಟ್ಟು ನಿಜವಾಗಿ ಯಾವ ಜನ ಅಂತ ಕೇಳೋದಿಲ್ಲವೆ?

ಮೀನು ಪೇಟೆಗೆ ಹೋಗಿ. ಬುಟ್ಟಿಯ ಮುಂದೆ ಕೂತ ಹೆಂಗಸಿನ ಹತ್ತಿರ ಎಲ್ಲರೂ ಚೌಕಾಶಿ ಮಾಡುತ್ತಾರೆ. ಬಂಗಡೆಗೆ ಜಾತಿ ಇಲ್ಲ. ಆದರೆ ಅದೇ ಬಂಗಡೆಯನ್ನು ನಮ್ಮ ಕೇರಿಯ ಹೆಂಗಸೊಬ್ಬಳು ಹುರಿದು, ಅನ್ನದ ಜೊತೆ ಬಡಿಸಿ, ತನ್ನ ಹೆಸರಿನ ಬೋರ್ಡು ಹಾಕಿ ಖಾನಾವಳಿ ತೆರೆಯಲಿ. ಹಸಿ ಮೀನಿಗೆ ಇಲ್ಲದ ಜಾತಿ ಹುರಿದ ಮೀನಿಗೆ ಎಲ್ಲಿಂದ ಬರುತ್ತದೆ? ರೇಟು ಕಡಿಮೆ, ರುಚಿ ಹೆಚ್ಚು ಇದ್ದರೂ ಗಿರಾಕಿ ಬಾಗಿಲಲ್ಲಿ ನಿಂತು ಪಕ್ಕದವನನ್ನು ಮೆಲ್ಲಗೆ ಕೇಳುತ್ತಾನೆ: “ಯಾವ ಜನದವರು ಇದು?”

ಕಾಲೇಜು ಓದಲು ಹಳ್ಳಿಯಿಂದ ಬಂದ ಹುಡುಗ ರೂಮು ಹುಡುಕಲಿ. ಗೇಟಿನ ಮೇಲೆ ‘ಬಾಡಿಗೆಗೆ ಇದೆ’ ಎಂಬ ಬೋರ್ಡು. ಕೈಯಲ್ಲಿ ಮುಂಗಡ. ಮಾಲೀಕ ದುಡ್ಡು ಎಣಿಸುವ ಮೊದಲು ಊರು ಕೇಳುತ್ತಾನೆ, ಅಪ್ಪನ ಹೆಸರು ಕೇಳುತ್ತಾನೆ, ಆಮೇಲೆ ನೇರ ಕೇಳಿಬಿಡುತ್ತಾನೆ: “ನಿಮ್ದು ಯಾವ ಜನ?” ಉತ್ತರ ಕೇಳಿದ ಮೇಲೆ ರೂಮು ನಿನ್ನೆಯೇ ಹೋಗಿರುತ್ತದೆ; ಬೋರ್ಡು ಮಾತ್ರ ಇನ್ನೂ ಒಂದು ತಿಂಗಳು ತೂಗುತ್ತಿರುತ್ತದೆ. ಈ ನಷ್ಟವನ್ನು ಆ ಮಾಲೀಕ ಸಂತೋಷದಿಂದ ಸಹಿಸುತ್ತಾನೆ. ಲಾಭ ಬೇಕಾದವನು ಜಾತಿ ಬಿಡುತ್ತಾನೆ ಎಂದು ಪುಸ್ತಕ ಹೇಳುತ್ತದೆ. ಜಾತಿಗಾಗಿ ಲಾಭ ಬಿಡುವವನ ಲೆಕ್ಕ ಆ ಪುಸ್ತಕದಲ್ಲಿ ಸರಿಯಾಗಿ ಸಿಗುವುದಿಲ್ಲ.

2022ರ ಮಾರ್ಚಿಯಲ್ಲಿ, ನಮ್ಮ ಪಕ್ಕದ ಉಡುಪಿ ಜಿಲ್ಲೆಯ ಕಾಪುವಿನ ಮಾರಿಗುಡಿ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಕೊಡಬಾರದು ಎಂಬ ಕೂಗೆದ್ದಿತು, ಅವರು ಹೊರಗುಳಿಯಬೇಕಾಯಿತು. ಆಮೇಲೆ ಅದೇ ಮಾತು ಬೇರೆ ಬೇರೆ ಊರುಗಳ ಜಾತ್ರೆಗೂ ಹಬ್ಬಿತು. ಮುಕ್ತ ಮಾರುಕಟ್ಟೆಯ ಕೊರಳು ಹಿಸುಕುವುದು ಅಂದರೆ ಇದೇ ಅಲ್ಲವೇ? ರೇಷನ್ ಅಕ್ಕಿಗೆ ಕೂಗಾಡುವ ನಮ್ಮ ಮಾಸ್ತರ ಆ ದಿನಗಳಲ್ಲಿ ಚಾ ಕುಡಿದು ಸುಮ್ಮನೆ ಎದ್ದುಹೋದ. ಅವನ ಗಂಟಲು ಆಗ ಎಲ್ಲಿ ಹೋಗಿತ್ತು ಎಂದು ನಾವು ಕೇಳಲೇಬೇಕು.

ಅವನು ‘ಪ್ರಶಸ್ತಿ ಸಿನಿಮಾ’ ಎಂದು ಗೇಲಿ ಮಾಡುವ ಸಾಲಿನಲ್ಲಿ ‘ಚೋಮನ ದುಡಿ’ಯೂ ಇದೆ. 1933ರ ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ಮಾಸ್ತರನ ಅರ್ಥಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಚೋಮನ ಹತ್ತಿರ ಎತ್ತುಗಳಿದ್ದವು. ಮೈಯಲ್ಲಿ ಕಸುವಿತ್ತು, ಬೇಸಾಯದ ಆಸೆ ಇತ್ತು. ಸಂಕಪ್ಪಯ್ಯನ ಹತ್ತಿರ ಭೂಮಿ ಇತ್ತು. ಕೊಡುವವನು, ಕೊಳ್ಳುವವನು ಇಬ್ಬರೂ ಎದುರುಬದುರು. ಇಲ್ಲದೇ ಇದ್ದದ್ದು ಒಂದೇ: ಹೊಲೆಯನು ಬೇಸಾಯಗಾರನಾಗಲು ಅಪ್ಪಣೆ. ಆ ಅಪ್ಪಣೆಗೆ ಯಾವ ಪೇಟೆಯಲ್ಲೂ ಬೆಲೆಪಟ್ಟಿ ಇರಲಿಲ್ಲ.

ಇಲ್ಲಿ ಮಾಸ್ತರ ತನ್ನ ದೊಡ್ಡ ಅಸ್ತ್ರ ತೆಗೆಯುತ್ತಾನೆ. “ಹಾಗಾದ್ರೆ ನಿಮಗೆ ಸರ್ಕಾರ ಕೊಟ್ಟ ಜಮೀನನ್ನ ನೀವೇ ಮಾರಬಾರದು ಅಂತ ಕಾನೂನು ಯಾಕೆ? ನಿಮ್ಮನ್ನ ಮಕ್ಕಳು ಅಂತ ತಿಳ್ಕೊಂಡಿದ್ದಾರಾ?” ಅವನು ಹೇಳುವುದು 1978ರ ಪಿ.ಟಿ.ಸಿ.ಎಲ್. ಕಾಯ್ದೆಯನ್ನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಮಾಡಿದ್ದರೆ ಮರಳಿ ಕೊಡಿಸಬೇಕು. ಎಷ್ಟು ವರ್ಷ ಕಳೆದರೂ ಅರ್ಜಿಗೆ ಅಡ್ಡಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಈ ಪ್ರಶ್ನೆ ನಮ್ಮನ್ನು ಚುಚ್ಚುತ್ತದೆ, ಸುಳ್ಳು ಹೇಳುವುದಿಲ್ಲ. ಮಗಳ ಓದಿಗೆ ಜಮೀನು ಮಾರುತ್ತೇನೆ ಎಂದು ನಮ್ಮವನು ಹೊರಟರೆ ಕಚೇರಿಯ ಮುಂದೆ ಕೈಕಟ್ಟಿ ನಿಲ್ಲಬೇಕು. ಪಕ್ಕದ ಜಮೀನಿನವನಿಗೆ ಆ ಗೋಳಿಲ್ಲ.

ಆದರೆ ಮಾರಾಟ ಅನ್ನುವುದು ಯಾವಾಗ ಮಾರಾಟವಾಗುತ್ತದೆ? ಒಲ್ಲೆ ಎನ್ನುವ ಶಕ್ತಿ ಇದ್ದಾಗ. ಮನೆಯಲ್ಲಿ ಹೆಂಡತಿ ಕಾಯಿಲೆಯಲ್ಲಿ ಮಲಗಿದ್ದಾಳೆ. ಸಾಲ ಕೊಟ್ಟವನೇ ಜಮೀನು ಕೊಳ್ಳುವವನು, ಅವನೇ ಕೂಲಿ ಕೊಡುವವನು, ಅವನ ಭಾವನೇ ಪಂಚಾಯ್ತಿಯಲ್ಲಿ ಇರುವವನು. ಅಂಥ ಹೊತ್ತಿನಲ್ಲಿ ಒತ್ತಿದ ಹೆಬ್ಬೆಟ್ಟನ್ನು ಸ್ವಾತಂತ್ರ್ಯ ಎಂದು ಕರೆದರೆ ಆ ಶಬ್ದಕ್ಕೇ ಅವಮಾನ. ಕಾನೂನು ಅಲ್ಲಿ ನಮ್ಮವನ ಬದಲಿಗೆ ‘ಒಲ್ಲೆ’ ಎನ್ನುತ್ತದೆ. ಅವನೇ ಆ ಮಾತು ಹೇಳುವಷ್ಟು ಗಟ್ಟಿಯಾದ ದಿನ ಈ ಕಾನೂನು ಬೇಡ. ಆ ದಿನ ಬಂದಿದೆಯೆ ಎಂದು ನಿರ್ಧರಿಸಬೇಕಾದವರು ಜಮೀನು ಕೊಳ್ಳಲು ಕಾದು ಕೂತವರಲ್ಲ.

ಭಟ್ಕಳದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಎಷ್ಟೋ ಮನೆಗಳು ಕೊಲ್ಲಿ ದೇಶದ ದುಡಿಮೆಯಿಂದ ಎದ್ದು ನಿಂತಿವೆ. ಆ ದೇಶಗಳಲ್ಲಿ ಬಹುಕಾಲ ಕಫೀಲನ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸುವಂತಿರಲಿಲ್ಲ. ಸರಕು ಹಡಗು ಹತ್ತಿ ಹೋಯಿತು, ದುಡ್ಡು ತಂತಿಯಲ್ಲಿ ಬಂತು. ದುಡಿಯುವ ಮನುಷ್ಯ ಮಾತ್ರ ಸಹಿಗಾಗಿ ಕಾದ. ಸಂಬಳ ಇತ್ತು, ಒಲ್ಲೆ ಎನ್ನುವ ಹಕ್ಕು ಇರಲಿಲ್ಲ.

ಘಟ್ಟದ ಮೇಲೆ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಮೊದಲಿಗೆ ಯಾವುದಕ್ಕೆ? ಕೊಳಗಕ್ಕೆ. ಒಡೆಯರು ಗೇಣಿ ಅಳೆಯುವ ಕೊಳಗ ಸರಿಯಾದ ಅಳತೆಗಿಂತ ದೊಡ್ಡದಿತ್ತು. ಲೋಹಿಯಾ ಬಂದು ಅಲ್ಲಿ ಬಂಧನಕ್ಕೊಳಗಾದರು. ನೋಡಿ, ಸರಿಯಾದ ಅಳತೆ ಎಂಬುದು ಸಂತೆಯ ಮೊದಲ ಪಾಠ. ಅದು ಕೂಡ ತಾನಾಗಿ ಬರಲಿಲ್ಲ, ಜೈಲಿಗೆ ಹೋಗಿ ತರಬೇಕಾಯಿತು. ಘಟ್ಟದ ಕೆಳಗೆ ನಮ್ಮ ಜಿಲ್ಲೆಯಲ್ಲಿ ರೈತರನ್ನು ಕಟ್ಟಿದ ದಿನಕರ ದೇಸಾಯಿಯವರನ್ನು 1940ರಲ್ಲಿ ಜಿಲ್ಲೆಯಿಂದಲೇ ಗಡೀಪಾರು ಮಾಡಿದ್ದರು. 1974ರಲ್ಲಿ ದೇವರಾಜ ಅರಸರ ಕಾಲದ ತಿದ್ದುಪಡಿ ಬಂದು, ಗೇಣಿದಾರ ಏಳನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತ. ಮಾಸ್ತರನ ಅಜ್ಜ ಹಾಗೆ ನಿಂತವನು. ಗೇಣಿ ಚೀಟಿಯೂ ಇಲ್ಲದ ಕೂಲಿಯವರು, ನಮ್ಮ ಮುಕ್ರಿ ಕೇರಿಗಳಂಥವು, ಅವತ್ತೂ ಹೊರಗೇ ಉಳಿದರು. ಅದು ಬೇರೆ ನೋವು. ಈಗ 2020ರ ತಿದ್ದುಪಡಿಯಿಂದ ಬೇಸಾಯಗಾರನಲ್ಲದವನೂ ಕೃಷಿ ಭೂಮಿ ಕೊಳ್ಳಬಹುದು. ಮಾಸ್ತರ ಇದನ್ನು ಸ್ವಾತಂತ್ರ್ಯ ಎನ್ನುತ್ತಾನೆ. ಅಜ್ಜನಿಗೆ ಭೂಮಿ ಕೊಟ್ಟ ಸರ್ಕಾರ ಮೊಮ್ಮಗನಿಗೆ ಶನಿಯಾಯಿತು.

ಸರ್ಕಾರ ದೂರ ಇರಲಿ ಅನ್ನುವ ಅವನು ಬೆಂಗಳೂರಿಗೋ ಮುಂಬಯಿಗೋ ಹೋಗುವುದು ರೈಲಿನಲ್ಲಿ. 1990ರಲ್ಲಿ ಸರ್ಕಾರಗಳೇ ಸೇರಿ ಕಟ್ಟಿದ ಕೊಂಕಣ ರೈಲ್ವೆ ನಿಗಮ, 1998ರಲ್ಲಿ ಇಡೀ ಮಾರ್ಗ ತೆರೆಯಿತು. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಆ ಸೇತುವೆಯಿಂದ ಸ್ವಲ್ಪ ಆಚೆ ಕಾಸರಕೋಡು ಟೊಂಕ. ಅಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೀನುಗಾರ ಕುಟುಂಬಗಳು ಮರಳಿನ ಮೇಲೆ ಮೀನು ಒಣಗಿಸಿ ಬದುಕಿದವು. ಕಡಲಾಮೆ ಬಂದು ಮೊಟ್ಟೆ ಇಡುವ ದಂಡೆ ಅದು. ಅಲ್ಲಿ ಖಾಸಗಿ ಬಂದರು ಎಂದಾಗ ಆ ಜನ ವರ್ಷಗಟ್ಟಲೆ ‘ಒಲ್ಲೆ’ ಎಂದರು. ಆಗ ಬಂದದ್ದು ಯಾರು? ಪೊಲೀಸು. ಮೀನುಗಾರರ ದಂಡೆ ಉಳಿಸಲು ಸರ್ಕಾರ ಬಂದರೆ ಅದು ಹಸ್ತಕ್ಷೇಪ. ದಂಡೆ ಖಾಲಿ ಮಾಡಿಸಲು ಬಂದರೆ ಅದು ಅಭಿವೃದ್ಧಿ. ಈ ಎರಡು ತಕ್ಕಡಿ ನಮಗೆ ಅರ್ಥವಾಗುವುದಿಲ್ಲ, ಮಾಸ್ತರನಿಗೂ ಆಗಬಾರದು.

ಗೆಳೆಯರೇ, ನಮಗೆ ಸಂತೆಯ ಮೇಲೆ ಸಿಟ್ಟಿಲ್ಲ. ಸಂತೆಗೆ ಹೋಗಬೇಕು ಎಂದೇ ನಮ್ಮ ಹೋರಾಟ. ಬುಟ್ಟಿ ಹೊತ್ತವರಾಗಿ ಮಾತ್ರ ಅಲ್ಲ, ಅಂಗಡಿ ಹಾಕುವವರಾಗಿ, ಬಡಿಸುವವರಾಗಿ, ಬೇಡವಾದರೆ ಎದ್ದು ಮನೆಗೆ ಹೋಗುವವರಾಗಿ. ಎದ್ದು ಹೋಗಲು ಮನೆ ಬೇಕು, ನಾಲ್ಕು ಗುಂಟೆ ಬೇಕು, ಶಾಲೆ ಬೇಕು, ಮೂರು ದಿನ ಕೂಲಿ ಇಲ್ಲದಿದ್ದರೂ ಉರಿಯುವ ಒಲೆ ಬೇಕು. ಮಾಸ್ತರ ಹೀಯಾಳಿಸುವ ರೇಷನ್ ಅಕ್ಕಿ ಆ ಒಲೆಯದು. ಅದನ್ನು ತಿಂದವನು ಕಡಿಮೆ ಕೂಲಿಗೆ ಒಲ್ಲೆ ಎನ್ನುತ್ತಾನೆ. ಅದಕ್ಕೇ ಅವನಿಗೆ ಸೋಮಾರಿ ಎಂದು ಹೆಸರು.

ಮುಂದಿನ ಸಲ ಮಾಸ್ತರ ಸಿಕ್ಕಾಗ ನಾವು ಜಗಳ ಮಾಡುವುದಿಲ್ಲ. ಅವನ ಚಾಕ್ಕೆ ನಾವೇ ದುಡ್ಡು ಕೊಡುತ್ತೇವೆ. ಆಮೇಲೆ ಒಂದು ಕೆಲಸ ಮಾಡು ಅನ್ನುತ್ತೇವೆ: ನಮ್ಮ ಹುಡುಗನೊಬ್ಬನಿಗೆ ರೂಮು ಬೇಕಿದೆ, ಮುಂಗಡ ಕೈಯಲ್ಲಿದೆ, ನೀನೂ ಜೊತೆಗೆ ಬಾ. ಗೇಟಿನ ಹತ್ತಿರ ನಿಂತು ಕೇಳು, ಮಾರ್ಕೆಟ್ಟು ಮೊದಲು ಏನು ಕೇಳುತ್ತದೆ ಅಂತ.